ಹಾರದ ವಿಮಾನಕ್ಕೂ ವಯಸ್ಸಾಗುತ್ತದೆ: ಬಿಸಿನೆಸ್ ಜೆಟ್ ಕುರಿತು ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಿರ್ದೇಶಕರ ಪ್ರವಾಸಕ್ಕಾಗಿ ನಮ್ಮ ಸಂಸ್ಥೆಯು ಅಮೆರಿಕದಲ್ಲಿ ನೋಂದಣಿಯಾಗಿರುವ, ಸುಮಾರು ಹದಿನೈದು ವರ್ಷ ಹಳೆಯ ಜೆಟ್ ಒಂದನ್ನು ಕೊಳ್ಳುವ ಮಾತುಕತೆಯಲ್ಲಿದೆ. ಬಹಳ ಕಡಿಮೆ ಹಾರಿದೆ, ಹೊಸದರಂತೆಯೇ ಇದೆ ಎಂದು ಮಾರುವವರು ಹೇಳುತ್ತಾರೆ. ಈ ಮಾತನ್ನು ಎಷ್ಟು ನಂಬಬಹುದು?
— ಹಣಕಾಸು ಅಧಿಕಾರಿಯೊಬ್ಬರು, ಬೆಂಗಳೂರು

ಉತ್ತರ: ನಂಬುವ ಮೊದಲು ಲಾಗ್‌ಬುಕ್‌ಗಳನ್ನು ತರಿಸಿಕೊಳ್ಳಿ. ಕಡಿಮೆ ಓಡಿದೆ ಎಂಬುದು ಕಾರಿಗೆ ಹೆಚ್ಚುಗಾರಿಕೆಯಾದರೂ ಜೆಟ್‌ಗೆ ಅದು ಅನುಮಾನಕ್ಕೂ ಕಾರಣವಾಗಬಹುದು. ಈ ವಿಮಾನಗಳ ದೊಡ್ಡ ತಪಾಸಣೆಗಳು ಹಾರಾಟದ ಗಂಟೆಗಳಿಗೆ ಕಾಯುವುದಿಲ್ಲ, ತಿಂಗಳ ಲೆಕ್ಕದಲ್ಲಿ ಬಂದು ನಿಲ್ಲುತ್ತವೆ. ಉದಾಹರಣೆಗೆ, ಚಾಲೆಂಜರ್ 604 ಎಂಬ ಜೆಟ್‌ಗೆ 96 ತಿಂಗಳ ತಪಾಸಣೆಯಿದೆ, ಗ್ಲೋಬಲ್ ಎಕ್ಸ್‌ಪ್ರೆಸ್‌ಗೆ 120 ತಿಂಗಳದ್ದಿದೆ. ಆಸನ, ನೆಲಹಾಸು, ಒಳಗಿನ ಫಲಕಗಳನ್ನೆಲ್ಲ ಕಳಚಿ, ಚೌಕಟ್ಟಿನಲ್ಲಿ ತುಕ್ಕು ಮತ್ತು ಬಿರುಕುಗಳನ್ನು ಹುಡುಕುವ ಈ ಕೆಲಸಕ್ಕೆ ವಿಮಾನವು ವಾರಗಟ್ಟಲೆ ಹ್ಯಾಂಗರಿನಲ್ಲಿ ನಿಲ್ಲುತ್ತದೆ. ಬಿಚ್ಚಿದ ಮೇಲೆ ಏನು ಸಿಗುತ್ತದೆ ಎಂಬುದರ ಮೇಲೆ ಖರ್ಚು ನಿಂತಿರುತ್ತದೆ. ಇಂಥ ತಪಾಸಣೆಗೆ ಕೆಲವೇ ತಿಂಗಳು ಉಳಿದಿರುವಾಗ ವಿಮಾನ ಮಾರಾಟಕ್ಕೆ ಬಂದಿದ್ದರೆ ಅದನ್ನು ಕಾಕತಾಳೀಯವೆಂದು ನಾನಂತೂ ಭಾವಿಸುವುದಿಲ್ಲ. ಅದರ ಖರ್ಚನ್ನು ಬೆಲೆಯಲ್ಲೇ ಕಳೆಯಿರಿ, ಇಲ್ಲವೇ ತಪಾಸಣೆ ಮುಗಿಸಿಯೇ ಹಸ್ತಾಂತರಿಸುವಂತೆ ಒಪ್ಪಂದದಲ್ಲಿ ಬರೆಸಿಕೊಳ್ಳಿ.

ನಿಂತೇ ಇದ್ದ ವಿಮಾನಕ್ಕೆ ಬೇರೆ ತೊಂದರೆಗಳೂ ಇವೆ. ಇಂಧನ ಟ್ಯಾಂಕಿನ ತಳದಲ್ಲಿ ನೀರು ಸೇರಿ ಅದರಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ, ರಬ್ಬರ್ ಸೀಲ್‌ಗಳು ಒಣಗುತ್ತವೆ, ಎಂಜಿನ್ನಿನ ಒಳಭಾಗಕ್ಕೆ ತುಕ್ಕು ಹಿಡಿಯುತ್ತದೆ. ಕಡಲ ತೀರದ ನಿಲ್ದಾಣದಲ್ಲಿ ಬಯಲಿನಲ್ಲೇ ನಿಂತಿದ್ದರೆ ಉಪ್ಪುಗಾಳಿಯ ಹಾವಳಿಯೂ ಸೇರುತ್ತದೆ. ಆದ್ದರಿಂದ ದೀರ್ಘಕಾಲ ನಿಲ್ಲಿಸಿದ್ದ ಅವಧಿಯಲ್ಲಿ ಎಂಜಿನ್ ಸಂರಕ್ಷಣೆಯನ್ನು ತಯಾರಕರ ಕೈಪಿಡಿಯಂತೆ ಮಾಡಿದ್ದಕ್ಕೆ ದಾಖಲೆ ಇದೆಯೇ ಎಂದು ಕೇಳಿ.

ಆಯುಷ್ಯ ನಿಗದಿಯಾದ ಭಾಗಗಳಿಗೆ, ಅಂದರೆ ಎಂಜಿನ್ನಿನೊಳಗೆ ತಿರುಗುವ ಡಿಸ್ಕ್‌ಗಳಂಥವಕ್ಕೆ, ತಯಾರಾದ ದಿನದಿಂದ ಇಂದಿನವರೆಗಿನ ಸರಪಳಿ ತುಂಡಾಗದ ದಾಖಲೆ ಬೇಕು. ಕಾಗದವಿಲ್ಲದ ಡಿಸ್ಕ್ ಎಷ್ಟೇ ಹೊಳೆಯುತ್ತಿದ್ದರೂ ಗುಜರಿಯೇ. ಕಾಗದ ಇದ್ದರಷ್ಟೇ ಸಾಲದು, ಅದು ಅಸಲಿಯೂ ಆಗಿರಬೇಕು. ಬೋಯಿಂಗ್ ಬಿಸಿನೆಸ್ ಜೆಟ್‌ನಲ್ಲೂ ಬಳಕೆಯಾಗುವ ಸಿಎಫ್‌ಎಂ56 ಎಂಜಿನ್ನಿನ ಬಿಡಿಭಾಗಗಳು ನಕಲಿ ಪ್ರಮಾಣಪತ್ರಗಳೊಂದಿಗೆ ಮಾರಾಟವಾಗಿದ್ದುದು 2023ರಲ್ಲಿ ಹೊರಬಿದ್ದಾಗ ದೊಡ್ಡ ದೊಡ್ಡ ವಿಮಾನ ಸಂಸ್ಥೆಗಳೇ ತಮ್ಮ ಎಂಜಿನ್‌ಗಳನ್ನು ಇಳಿಸಿ ನೋಡಬೇಕಾಯಿತು. ಅನುಮಾನ ಬಂದಲ್ಲಿ ಪ್ರಮಾಣಪತ್ರ ಕೊಟ್ಟವರಿಗೇ ನೇರವಾಗಿ ಬರೆದು ಖಚಿತಪಡಿಸಿಕೊಳ್ಳಿ.

ಇಲ್ಲಿ, ಭಾರತದ ವಿಮಾನಗಳ ಗುರುತಾದ ವಿಟಿ ಅಕ್ಷರಗಳಡಿ ಮರುನೋಂದಣಿ ಮಾಡಿಸುವಾಗ, ರಾಡಾರಿಗೆ ವಿಮಾನದ ಗುರುತು ತಿಳಿಸುವ ಟ್ರಾನ್ಸ್‌ಪಾಂಡರಿನ 24 ಬಿಟ್ ವಿಳಾಸವನ್ನೂ ತುರ್ತು ಸಂಕೇತ ಸಾಧನದ ಕೋಡನ್ನೂ ಬದಲಿಸಬೇಕು. ಬಣ್ಣ ಬಳಿಸುವ ಸಡಗರದಲ್ಲಿ ಈ ಸಣ್ಣ ಕೆಲಸ ಮರೆತುಹೋಗಬಾರದು.

ಪ್ರಶ್ನೆ: ಸ್ವಂತ ಬಳಕೆಯ ವಿಮಾನಕ್ಕೆ ತೆರಿಗೆ ಹೆಚ್ಚಾಗಿರುವುದರಿಂದ ಬಾಡಿಗೆ ಹಾರಾಟದ ಪರವಾನಗಿಯನ್ನೇ ಪಡೆಯಿರಿ ಎಂದು ಸಲಹೆಗಾರರು ಹೇಳುತ್ತಿದ್ದಾರೆ. ಅಲ್ಲದೆ 1934ರ ವಿಮಾನ ಕಾಯ್ದೆ ರದ್ದಾದ ಮೇಲೆ ಹಳೆಯ ನಿಯಮಗಳು ಉಳಿದಿವೆಯೇ?
— ಉದ್ಯಮಿಯೊಬ್ಬರು, ಹುಬ್ಬಳ್ಳಿ

ಉತ್ತರ: ಎರಡನೆಯದಕ್ಕೆ ಉತ್ತರ ಸುಲಭ. ಭಾರತೀಯ ವಾಯುಯಾನ ಅಧಿನಿಯಮ 2024 ಎಂಬ ಹೊಸ ಕಾಯ್ದೆಯು 2025ರ ಜನವರಿ 1ರಿಂದ ಜಾರಿಯಲ್ಲಿದೆ. ಅದಕ್ಕೆ ವಿರುದ್ಧವಾಗದ ಮಟ್ಟಿಗೆ ಹಳೆಯ ನಿಯಮಗಳು ಮುಂದುವರಿಯುತ್ತವೆ.

ತೆರಿಗೆಯ ವಿಷಯದಲ್ಲಿ ನಿಮ್ಮ ಸಲಹೆಗಾರರು ಅರ್ಧ ಮಾತನ್ನಷ್ಟೇ ಹೇಳಿದ್ದಾರೆ. ಸ್ವಂತ ಬಳಕೆಯ ವಿಮಾನದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ ಶೇ 40ಕ್ಕೆ ಏರಿರುವುದು ನಿಜ. ಆದರೆ ಬಾಡಿಗೆ ಹಾರಾಟದ ಪರವಾನಗಿಯ ಜೊತೆಗೆ ಹಾರಾಟಯೋಗ್ಯತೆಯನ್ನು ನಿರಂತರವಾಗಿ ಕಾಯುವ, ಕ್ಯಾಮೊ ಎಂದು ಕರೆಯಲಾಗುವ, ದೇಶದ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ ಅನುಮೋದಿತ ವ್ಯವಸ್ಥೆಯ ಹೊಣೆಯೂ ನಿಮ್ಮ ಮೇಲೆ ಬರುತ್ತದೆ. ದುರಸ್ತಿಯ ಕೆಲಸವನ್ನು ಅನುಮೋದಿತ ಕಾರ್ಯಾಗಾರಕ್ಕೆ ಗುತ್ತಿಗೆ ಕೊಡಬಹುದು, ಹೊಣೆಯನ್ನು ಗುತ್ತಿಗೆ ಕೊಡಲಾಗದು. ತೆರಿಗೆ ಉಳಿಸಲೆಂದೇ ಪರವಾನಗಿ ಪಡೆದು, ಆ ವ್ಯವಸ್ಥೆಯನ್ನು ಕಾಗದದ ಮೇಲಷ್ಟೇ ಇಟ್ಟುಕೊಳ್ಳುವುದಾದರೆ ಆ ದಾರಿ ಹಿಡಿಯದಿರುವುದೇ ಒಳ್ಳೆಯದು. ಪರವಾನಗಿ ಇಲ್ಲದೆ, ಸ್ವಂತ ಬಳಕೆಯ ವಿಮಾನದಲ್ಲಿ ಪರಿಚಯದವರನ್ನು ಕರೆದೊಯ್ದು ಹಣ ಪಡೆಯುವುದಂತೂ ನಿಯಮಬಾಹಿರ.

ಪ್ರಶ್ನೆ: ತಯಾರಕರು ಕಳಿಸಿದ ಸರ್ವಿಸ್ ಬುಲೆಟಿನ್ ಕಡ್ಡಾಯವಲ್ಲ ಎಂದು ಕಾರ್ಯಾಗಾರದವರು ಹೇಳುತ್ತಾರೆ. ಸುಮ್ಮನಿರಬಹುದೇ? ಕೆಟ್ಟ ಉಪಕರಣವನ್ನು ಸರಿಪಡಿಸದೆ ಎಷ್ಟು ದಿನ ಹಾರಬಹುದು?
— ಕಾರ್ಯಾಚರಣೆ ವ್ಯವಸ್ಥಾಪಕರು, ಮಂಗಳೂರು

ಉತ್ತರ: ಬುಲೆಟಿನ್ ತಯಾರಕರ ಸಲಹೆ; ಹಾರಾಟಯೋಗ್ಯತಾ ನಿರ್ದೇಶನ, ಅಂದರೆ ಎಡಿ, ನಿಯಂತ್ರಕರ ಆಜ್ಞೆ. ವಿಮಾನವನ್ನು ವಿನ್ಯಾಸಗೊಳಿಸಿದ ದೇಶದ ನಿಯಂತ್ರಕರು ಹೊರಡಿಸಿದ ಎಡಿ ನಮ್ಮಲ್ಲೂ ಕಡ್ಡಾಯ. ಇಂದಿನ ಬುಲೆಟಿನ್ನೇ ನಾಳೆ ಎಡಿಯಾಗಿ ಬರುವುದುಂಟು; ಆಗ ಎಲ್ಲರೂ ಒಟ್ಟಿಗೆ ಅದೇ ಬಿಡಿಭಾಗಕ್ಕೆ ಸಾಲುಗಟ್ಟುತ್ತಾರೆ. ಆದ್ದರಿಂದ ಪ್ರತಿಯೊಂದು ಬುಲೆಟಿನ್ ಓದಿ, ಮಾಡುವುದೋ ಬಿಡುವುದೋ ಎಂಬ ನಿರ್ಧಾರವನ್ನು ಕಾರಣಸಹಿತ ಬರೆದಿಡಿ.

ಕೆಟ್ಟ ಉಪಕರಣದೊಂದಿಗೆ ಹಾರುವ ಅವಕಾಶ, ಯಾವ ಯಾವ ಉಪಕರಣ ಕೆಟ್ಟಿದ್ದಾಗ ಹಾರಬಹುದೆಂದು ತಿಳಿಸುವ ಎಂಇಎಲ್ ಪಟ್ಟಿಯಲ್ಲಿ ಅದು ಇದ್ದರೆ ಮಾತ್ರ ಉಂಟು. ಆ ಪಟ್ಟಿಯು ಉಪಕರಣಗಳನ್ನು ದುರಸ್ತಿಯ ಗಡುವಿನಂತೆ ವರ್ಗಗಳಾಗಿ ವಿಂಗಡಿಸುತ್ತದೆ. ದೋಷ ಕಂಡ ದಿನವನ್ನು ಬಿಟ್ಟು ಬಿ ವರ್ಗಕ್ಕೆ 3 ದಿನ, ಸಿ ವರ್ಗಕ್ಕೆ 10 ದಿನ, ಡಿ ವರ್ಗಕ್ಕೆ 120 ದಿನ. ಎ ವರ್ಗದ ಅವಧಿಯನ್ನು ಪಟ್ಟಿಯೇ ಹೇಳುತ್ತದೆ. ಇವು ಕ್ಯಾಲೆಂಡರಿನ ದಿನಗಳು, ಹಾರಿದ ದಿನಗಳಲ್ಲ. ಭಾನುವಾರವನ್ನು ಬಿಟ್ಟು ಎಣಿಸುವವರಿಗೆ ಇದನ್ನು ಹೇಳಲೇಬೇಕು.

ಪ್ರಶ್ನೆ: ನಮ್ಮ ವಿಮಾನ ಮುಂದಿನ ವರ್ಷ ಅಮೆರಿಕಕ್ಕೆ ಹೋಗಲಿದೆ. ಅಲ್ಲಿನ ಹೊಸ ನಿಯಮಗಳಲ್ಲಿ ಯಾವುವು ನಮಗೆ ಅನ್ವಯಿಸುತ್ತವೆ?
— ಪೈಲಟ್ ಒಬ್ಬರು, ಬೆಂಗಳೂರು

ಉತ್ತರ: ಎಡಿಎಸ್‌–ಬಿ ಔಟ್, ಅಂದರೆ ವಿಮಾನವು ತಾನಿರುವ ಸ್ಥಾನವನ್ನು ತಾನೇ ಪ್ರಸಾರ ಮಾಡುವ ವ್ಯವಸ್ಥೆ, ಅನ್ವಯಿಸುತ್ತದೆ. 2020ರ ಜನವರಿ 1ರಿಂದ ಅಲ್ಲಿ ಜೆಟ್‌ಗಳು ಹಾರುವ ಎತ್ತರಗಳಲ್ಲೆಲ್ಲ ಅದು ಕಡ್ಡಾಯ, ನೋಂದಣಿ ಯಾವ ದೇಶದ್ದೇ ಇರಲಿ. 2027ರ ಮೇ 28ರೊಳಗೆ ಸುರಕ್ಷತಾ ನಿರ್ವಹಣಾ ವ್ಯವಸ್ಥೆ ಇರಬೇಕೆಂಬ ನಿಯಮವು ಅಲ್ಲಿನ ಪ್ರಮಾಣಪತ್ರ ಪಡೆದ ಚಾರ್ಟರ್ ಸಂಸ್ಥೆಗಳಿಗೆ ಸಂಬಂಧಿಸಿದ್ದು, ನಿಮಗಲ್ಲ. 5ಜಿ ತರಂಗಗಳಿಂದ, ನೆಲದಿಂದ ಎತ್ತರವನ್ನು ಅಳೆಯುವ ರೇಡಿಯೊ ಆಲ್ಟಿಮೀಟರಿಗೆ ಅಡ್ಡಿಯಾಗುವ ಭೀತಿಯಿಂದ ಹೊರಟ ಎಡಿಗಳಲ್ಲಿ ನಿಮ್ಮ ಮಾದರಿ ಸೇರಿದೆಯೇ ಎಂದು ಹೊರಡುವ ಮೊದಲು ನೋಡಿ. ಕೊನೆಯದಾಗಿ, 29,000 ಅಡಿಯ ಮೇಲೆ ಇತರ ವಿಮಾನಗಳಿಂದ ಮೇಲೆ-ಕೆಳಗೆ ಸಾವಿರ ಅಡಿಯಷ್ಟೇ ಅಂತರದಲ್ಲಿ ಹಾರಲು ಬೇಕಾದ ಆರ್‌ವಿಎಸ್‌ಎಂ ಅನುಮತಿಗಾಗಿ ಎತ್ತರ ನಿಖರತೆಯ ಪರೀಕ್ಷೆಯನ್ನು ಎರಡು ವರ್ಷ ಅಥವಾ 1,000 ಗಂಟೆ, ಇವೆರಡರಲ್ಲಿ ದೀರ್ಘವಾದ ಅವಧಿಗೊಮ್ಮೆ ಮಾಡಿಸಬೇಕು. ಒಂದೇ ವಿಮಾನವಿರುವ ಸಂಸ್ಥೆಯಲ್ಲಿ ಆ ಪರೀಕ್ಷೆಗೆ ನಿಲ್ಲಬೇಕಾದುದೂ ಅದೇ ವಿಮಾನ. ಕೊನೆಯ ಪರೀಕ್ಷೆಯ ದಿನಾಂಕವನ್ನು ಈ ವಾರವೇ ನೋಡಿಕೊಳ್ಳಿ.