ಅರ್ಧಚಂದ್ರದ ಉಗುರಿಗೆ ಜೆಲ್ ಕಿಟ್ ಬೇಡವೇ ಬೇಡ

1930ರ ದಶಕದ ಶೈಲಿಯ ಹಸಿರು ಗೌನಿಗೆ ಹೊಂದೋ ಹಾಗೆ ಮನೆಯಲ್ಲೇ ಅರ್ಧಚಂದ್ರದ ಮ್ಯಾನಿಕ್ಯೂರ್ ಮಾಡ್ಕೋಬೇಕು, ಜೆಲ್ ಕಿಟ್ ತಗೊಳ್ಳಲಾ, ಉಗುರಿಗೆ ಅಂಟಿಸೋ ರೆಡಿ ಸ್ಟಿಕ್ಕರ್ ಸಾಕಾ ಅಂತ ಕೇಳಿದ್ದೀರಿ. ಕೆಲವು ವರ್ಷಗಳ ಹಿಂದೆ ನಾನೂ ಇದೇ ಶೈಲಿಯ ಬೆನ್ನು ಹತ್ತಿದ್ದೆ. ಆರಿಸಿಕೊಂಡದ್ದು ಜೆಲ್ ಕಿಟ್. ಅದಕ್ಕೇ ಇಷ್ಟು ಉದ್ದ ಬರೀತಿದ್ದೀನಿ.

ಹಳೇ ಕಾಲದ ಫೋಟೋಗಳಲ್ಲಿ ಹೆಂಗಸರ ಕೈ ನೋಡೋ ಹುಚ್ಚು ನನಗೆ. ಉಗುರಿನ ನಡುವೆ ಗಾಢ ಬಣ್ಣ, ಬುಡದ ಬಿಳಿ ಅರ್ಧಚಂದ್ರ ಬರಿದು, ಕೆಲವರಲ್ಲಿ ತುದಿಯೂ ಬರಿದು. ನನಗೂ ಹಾಗೇ ಬೇಕಿತ್ತು. ಮಾಮೂಲಿ ನೇಲ್ ಪಾಲಿಶ್ ಬೇಗ ತುದಿಯಲ್ಲಿ ಏಳುತ್ತೆ ಅಂತ ಬೇಸತ್ತು ಪುಟ್ಟ ದೀಪದ ಸಮೇತ ಒಂದು ಜೆಲ್ ಕಿಟ್ ತರಿಸಿದೆ. ಅದರಲ್ಲಿದ್ದ ಕೆಂಪು ಹಿಡಿಸಲಿಲ್ಲ. ಬೇರೆ ಕಂಪನಿಯ ಕೆಂಪು ಜೆಲ್ ತಂದು ಅದೇ ದೀಪದಡಿ ಹಿಡಿದೆ. ಒಂದೇ ಸಲಕ್ಕೆ ಗಾಢವಾಗಲಿ ಅಂತ ದಪ್ಪಗೆ ಬಳಿದೆ. ಚಂದ್ರದ ಗೆರೆ ತಿದ್ದೋವಾಗ ಪಕ್ಕದ ಚರ್ಮಕ್ಕೆ ಹರಿದದ್ದನ್ನು ಬರಿ ಬೆರಳಿಂದಲೇ ಒರೆಸಿದೆ. ಉಗುರು ಗಾಜಿನ ಹಾಗೆ ಹೊಳೀತಿತ್ತು, ಎಲ್ಲರೂ ಹೊಗಳಿದರು. ತಿಂಗಳುಗಟ್ಟಲೆ ಹೀಗೇ ನಡೀತು.

ಆಮೇಲೆ ಉಗುರಿನ ಸುತ್ತ ತುರಿಕೆ ಶುರುವಾಯ್ತು. ಸೋಪಿನ ಮೇಲೆ ಅನುಮಾನ ಬಂದು ಸೋಪು ಬದಲಾಯಿಸಿದೆ. ಬೆರಳ ತುದಿಯಲ್ಲಿ ಸಣ್ಣ ನೀರುಗುಳ್ಳೆ ಎದ್ದವು, ಚರ್ಮ ಸೀಳಿತು, ಹೆಬ್ಬೆರಳಿನ ಉಗುರು ತುದಿಯಿಂದ ಮಾಂಸ ಬಿಟ್ಟು ಏಳತೊಡಗಿತು. ಚರ್ಮದ ಡಾಕ್ಟರು ಬೆನ್ನಿಗೆ ಪಟ್ಟಿ ಅಂಟಿಸಿ ಪ್ಯಾಚ್ ಟೆಸ್ಟ್ ಮಾಡಿ ನೋಡಿದರು. ಜೆಲ್‌ನಲ್ಲಿರೋ ಅಕ್ರಿಲೇಟ್ ಅನ್ನೋ ರಾಸಾಯನಿಕಗಳ ಅಲರ್ಜಿ.

ನನ್ನ ತಪ್ಪೇನು ಅನ್ನೋದನ್ನ ಬಿಡಿಸಿ ಹೇಳಲೇಬೇಕು, ಯಾಕಂದ್ರೆ ಕಣ್ಣಿಗೆ ಅದು ಕಾಣಲ್ಲ. ಮಾಮೂಲಿ ಪಾಲಿಶ್ ಒಣಗೋದು ಅದರೊಳಗಿನ ದ್ರಾವಕ ಆರಿಹೋಗಿ. ಜೆಲ್ ಒಣಗೋದೇ ಇಲ್ಲ, ದೀಪದ ಬೆಳಕು ಬಿದ್ದಾಗ ರಾಸಾಯನಿಕ ಕ್ರಿಯೆ ನಡೆದು ಗಟ್ಟಿಯಾಗುತ್ತೆ. ಆ ಬೆಳಕಿನ ತರಂಗಾಂತರ, ಶಕ್ತಿ, ಹಿಡಿಯೋ ಸಮಯ ಮೂರೂ ಆ ಜೆಲ್‌ಗೆ ತಕ್ಕ ಹಾಗಿರಬೇಕು. ಒಂದು ಕಂಪನಿಯ ಜೆಲ್, ಇನ್ನೊಂದು ಕಂಪನಿಯ ದೀಪ ಅಂದಾಗಲೇ ಲೆಕ್ಕ ತಪ್ಪಿತು. ದಪ್ಪ ಪದರ, ಮೇಲಾಗಿ ಗಾಢ ಕೆಂಪು: ಬಣ್ಣವೇ ಬೆಳಕನ್ನು ತಡೆಯುತ್ತೆ. ಮೇಲ್ಪದರ ಕಲ್ಲಾಗಿರುತ್ತೆ, ಉಗುರಿಗೆ ತಾಗಿದ ಅಡಿಯ ಪದರ ಅರೆಬರೆ ಹಸಿಯಾಗಿಯೇ ಉಳಿಯುತ್ತೆ. ಆ ಹಸಿ ಜೆಲ್‌ನಲ್ಲಿರೋ ಹೇಮಾ (HEMA) ಅನ್ನೋ ಅಕ್ರಿಲೇಟ್ ಥರದ ಸಣ್ಣ ಅಣುಗಳು ಚರ್ಮದೊಳಗೆ ಇಳಿಯುತ್ತವೆ. ನಾನಂತೂ ಬೆರಳಿಂದ ಒರೆಸಿ ನೇರವಾಗಿ ಚರ್ಮಕ್ಕೇ ಹಚ್ಚಿಕೊಂಡೆ. ಪ್ರತಿ ಸಲ ತಾಗಿದಾಗಲೂ ಅಪಾಯ ಹೆಚ್ಚುತ್ತೆ. ದೇಹ ಒಮ್ಮೆ ಅದನ್ನು ಶತ್ರು ಅಂತ ಗುರುತಿಸಿದ ಮೇಲೆ ಸಾಮಾನ್ಯವಾಗಿ ಅಲರ್ಜಿ ಜೀವನಪೂರ್ತಿ. ಹಲ್ಲಿನ ಬಿಳಿ ಫಿಲ್ಲಿಂಗ್‌ನಲ್ಲೂ ಇದೇ ಕುಟುಂಬದ ವಸ್ತುಗಳಿರ್ತವೆ. ಈಗ ದಂತವೈದ್ಯರ ಹತ್ತಿರ ಹೋದಾಗೆಲ್ಲ ಮೊದಲು ಈ ವಿಷಯ ಹೇಳಿಯೇ ಬಾಯಿ ತೆರೀಬೇಕು. ಐರೋಪ್ಯ ಒಕ್ಕೂಟ ಹೇಮಾ ಇರುವ ಉಗುರಿನ ಉತ್ಪನ್ನಗಳನ್ನ ವೃತ್ತಿಪರರೇ ಬಳಸಬೇಕು ಅಂತ 2020ರಲ್ಲೇ ನಿಯಮ ಮಾಡಿತ್ತು. ‘ಹೇಮಾ ಇಲ್ಲ’ ಅಂತ ಬಾಟಲಿ ಮೇಲೆ ಬರೆದಿದ್ದರೂ ಬೇರೆ ಅಕ್ರಿಲೇಟ್‌ಗಳು ಇರ್ತವೆ, ಆ ಮಾತಿಗೆ ಮರುಳಾಗಬೇಡಿ.

ಇನ್ನು ನಿಮ್ಮ ಪ್ರಶ್ನೆ. ಜೆಲ್ಲಾ ಸ್ಟಿಕ್ಕರಾ ಅನ್ನೋದೇ ಸರಿ ಇಲ್ಲ ಅಂತ ನನ್ನ ಅಭಿಪ್ರಾಯ. ನಿಮಗೆ ಬೇಕಾಗಿರೋದು ಆ ಕಾಲದ ಕೈ. ಆ ಕಾಲದ ಕೈಯಲ್ಲಿ ಇದ್ದದ್ದು ಮಾಮೂಲಿ ಪಾಲಿಶ್. ಅಮೆರಿಕದ ರೆವ್ಲಾನ್ ಕಂಪನಿ ಶುರುವಾದದ್ದೇ 1932ರಲ್ಲಿ, ಅಡಿಯ ಉಗುರು ಕಾಣದಷ್ಟು ದಟ್ಟ ಬಣ್ಣದ ಪಾಲಿಶ್‌ನಿಂದ. ಮಿನುಗಿಲ್ಲದ ದಟ್ಟ ಕೆಂಪನ್ನ ತೆಳುವಾಗಿ ಎರಡು ಸಲ ಬಳಿದರೆ ಬರೋ ಆ ಮೆತ್ತನೆ ಹೊಳಪು ಜೆಲ್‌ನಲ್ಲಿ ಬರಲ್ಲ. ಇನ್ನೊಂದು, ಗೌನಿನ ಹಸಿರಿಗೆ ಉಗುರಿನ ಹಸಿರು ಹುಡುಕ್ತಾ ಕೂರಬೇಡಿ. ಉಗುರನ್ನು ತುಟಿಗೆ ಹೊಂದಿಸಿ. 1940ರಲ್ಲಿ ರೆವ್ಲಾನ್ ತುಟಿಗೂ ಬೆರಳ ತುದಿಗೂ ಒಂದೇ ಬಣ್ಣ ಅಂತಲೇ ಜಾಹೀರಾತು ಮಾಡಿತ್ತು. ಗೌನು ಯಾವ ಬಣ್ಣದ್ದಾದರೂ ಲಿಪ್‌ಸ್ಟಿಕ್ ಕೆಂಪಿಗೆ ಉಗುರು ಸೇರಿದರೆ ಸಾಕು, ಇಡೀ ಶೈಲಿ ಒಂದಾಗಿ ಕಾಣುತ್ತೆ.

ಬಾಳಿಕೆ ಬರಲ್ಲ ಅನ್ನೋ ಭಯ ಇರಬಹುದು. ನನ್ನ ಪಾಲಿಶ್ ಬೇಗ ಏಳ್ತಿದ್ದದ್ದು ಹಚ್ಚೋ ಮೊದಲು ಬಿಸಿನೀರಲ್ಲಿ ಕೈ ನೆನೆಸ್ತಿದ್ದರಿಂದ. ಉಗುರು ನೀರು ಕುಡಿದು ಹಿಗ್ಗುತ್ತೆ, ಪಾಲಿಶ್ ಒಣಗಿದ ಮೇಲೆ ಕುಗ್ಗುತ್ತೆ, ಬಣ್ಣ ಬಿರುಕು ಬಿಡುತ್ತೆ. ಒಣ ಉಗುರಲ್ಲೇ ಕೆಲಸ ಮಾಡಿ. ಬಾದಾಮಿ ಆಕಾರಕ್ಕೆ ಫೈಲ್ ಮಾಡಿ, ಬುಡದ ಚರ್ಮವನ್ನು ಮೆಲ್ಲಗೆ ಹಿಂದೆ ಒತ್ತಿ, ಕತ್ತರಿಸಬೇಡಿ. ರಿಮೂವರ್ ಅದ್ದಿದ ಹತ್ತಿಯಿಂದ ಉಗುರಿನ ಜಿಡ್ಡು ತೆಗೀರಿ. ಬಣ್ಣಕ್ಕೆ ಮೊದಲು ಹಚ್ಚೋ ಬೇಸ್ ಕೋಟ್ ಬಿಡಲೇಬೇಡಿ, ಕೆಂಪು ಬಣ್ಣ ಉಗುರಿಗೆ ಹಳದಿ ಕಲೆ ಹಿಡಿಸುತ್ತೆ.

ಚಂದ್ರಕ್ಕೆ, ಫೈಲಿಗೆ ಹಾಕೋ ಹಾಳೆಯ ತೂತಿನ ಸುತ್ತ ಅಂಟಿಸೋ ದುಂಡು ಸ್ಟಿಕ್ಕರ್ ಬರುತ್ತಲ್ಲ, ಅದು ಸಾಕು. ಮೊದಲು ಮುಂಗೈ ಚರ್ಮಕ್ಕೆ ಒಂದೆರಡು ಸಲ ಅಂಟಿಸಿ ಕೀಳಿ, ಅಂಟು ಕಮ್ಮಿಯಾದರೆ ಬೇಸ್ ಕೋಟ್ ಕಿತ್ತು ಬರಲ್ಲ. ಹೊರ ಅಂಚು ಚಂದ್ರದ ಗೆರೆ ಬರಬೇಕಾದ ಕಡೆ ಕೂರಲಿ. ಹೆಬ್ಬೆರಳಲ್ಲಿ ಚಂದ್ರ ದೊಡ್ಡದು, ಕಿರುಬೆರಳಲ್ಲಿ ಎಷ್ಟೋ ಜನಕ್ಕೆ ಕಾಣೋದೇ ಇಲ್ಲ. ಹಾಗಾಗಿ ಎಲ್ಲಾ ಬೆರಳಿಗೂ ಒಂದೇ ಅಳತೆ ಇಡಬೇಡಿ, ಕಿರುಬೆರಳಿಗೆ ತೆಳ್ಳನೆ ಗೆರೆಯಷ್ಟೇ ಜಾಗ ಬಿಡಿ. ಎರಡನೇ ಪದರ ಹಸಿ ಇರುವಾಗಲೇ ಸ್ಟಿಕ್ಕರ್ ಕೀಳಿ, ಒಣಗಿದ ಮೇಲೆ ಕಿತ್ತರೆ ಅಂಚು ಹರಿದ ಹಾಗಾಗುತ್ತೆ. ತಪ್ಪಿದ್ದನ್ನ ರಿಮೂವರ್‌ನಲ್ಲಿ ಅದ್ದಿದ ಸಣ್ಣ ಚಪ್ಪಟೆ ಬ್ರಷ್‌ನಿಂದ ತಿದ್ದಿ. ಕೊನೆಗೆ ಬಣ್ಣದ ಮೇಲೆ ಬಳಿಯೋ ಟಾಪ್ ಕೋಟನ್ನು ಉಗುರಿನ ತುದಿಯ ಅಂಚಿಗೂ ಎಳೀರಿ, ಬಾಳಿಕೆ ಇರೋದೇ ಅಲ್ಲಿ.

ರೆಡಿ ಸ್ಟಿಕ್ಕರ್ ಬೇಕಿದ್ದರೆ ಹಾಕಿ, ಹಾನಿ ಏನಿಲ್ಲ, ಆದರೆ ದೀಪದಡಿ ಹಿಡೀಬೇಕಾದ ಸ್ಟಿಕ್ಕರ್‌ಗಳೂ ಇವೆ. ಅವೂ ಜೆಲ್ಲೇ, ಪ್ಯಾಕೆಟ್ ಓದಿ ಕೊಳ್ಳಿ. ಸಮಾರಂಭದ ಹಿಂದಿನ ದಿನ ಮಧ್ಯಾಹ್ನವೇ ಹಚ್ಚಿ ಮುಗಿಸಿ. ರಾತ್ರಿ ಹಚ್ಚಿ ಮಲಗಿದರೆ ಮೇಲೆ ಒಣಗಿದ್ದರೂ ಒಳಪದರ ಮೆತ್ತಗಿರುತ್ತೆ, ಹೊದಿಕೆಯ ನೂಲಿನ ಗುರುತು ಬೀಳುತ್ತೆ. ತಣ್ಣೀರಲ್ಲಿ ಅದ್ದಿದರೆ ಬೇಗ ಒಣಗುತ್ತೆ ಅನ್ನೋದನ್ನೂ ನಂಬಬೇಡಿ, ಒಳಗಿನ ದ್ರಾವಕ ಆರೋಕೆ ಹೊತ್ತು ಬೇಕೇ ಬೇಕು.