ಕಡಿಮೆ ದರದ ವಿಮಾನಯಾನ ಕಂಪನಿಯ ಷೇರು: ಮೊದಲು ಬಾಕಿ ಪಟ್ಟಿ ಓದಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿರುವುದು ಹೀಗೆ. ಕೈಯಲ್ಲಿ ಎರಡು ಲಕ್ಷ ರೂಪಾಯಿ ಉಳಿತಾಯವಿದೆ. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೋದ ವಿಮಾನದಲ್ಲಿ ಒಂದು ಸೀಟೂ ಖಾಲಿ ಇರಲಿಲ್ಲ, ಈ ವ್ಯಾಪಾರ ಬೆಳೆಯುವುದು ಖಚಿತ ಎಂದು ನಿಮಗೆ ಅನ್ನಿಸಿದೆ. ನೀವು ಬರೆದಾಗ ಇಂಡಿಗೊ ಷೇರು ಐದು ಸಾವಿರ ರೂಪಾಯಿಯ ಆಸುಪಾಸಿನಲ್ಲಿತ್ತು, ಸ್ಪೈಸ್‌ಜೆಟ್ ಮೂವತ್ತು ನಲವತ್ತು ರೂಪಾಯಿಗೆ ಸಿಗುತ್ತಿತ್ತು. ಅಗ್ಗದ್ದನ್ನು ಕೊಂಡರೆ ಅದು ಹತ್ತು ಪಟ್ಟಾಗುವುದು ಸುಲಭವಲ್ಲವೇ ಎಂಬುದು ನಿಮ್ಮ ಸ್ನೇಹಿತರ ವಾದ. ಎರಡರಲ್ಲಿ ಯಾವುದು ಎಂದು ಕೇಳಿದ್ದೀರಿ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನನ್ನ ಹತ್ತಿರ ಇಂಡಿಗೊದ ಮಾತೃ ಕಂಪನಿ ಇಂಟರ್‌ಗ್ಲೋಬ್ ಏವಿಯೇಷನ್‌ನ ಕೆಲವು ಷೇರುಗಳಿವೆ. ಆದ್ದರಿಂದ ನನ್ನ ಮಾತಿನಲ್ಲಿ ಪಕ್ಷಪಾತ ಇರಬಹುದೆಂದು ಎಣಿಸಿಯೇ ಓದಿ. ನಾನು ಹೂಡಿಕೆ ಸಲಹೆಗಾರನಲ್ಲ, ಲೆಕ್ಕಪತ್ರ ಬರೆದು ಹೊಟ್ಟೆ ಹೊರೆಯುವವನು.

ಸೀಟು ತುಂಬಿದ್ದಕ್ಕೂ ಷೇರುದಾರನ ಲಾಭಕ್ಕೂ ನೀವು ಊಹಿಸಿರುವಷ್ಟು ಹತ್ತಿರದ ಸಂಬಂಧವಿಲ್ಲ. 2024ರಲ್ಲಿ ದೇಶದೊಳಗೆ ವಿಮಾನ ಏರಿದವರು ಸುಮಾರು 16 ಕೋಟಿ. ಈ ಸಂಖ್ಯೆ ಏರುತ್ತಾ ಬಂದ ಎರಡು ದಶಕಗಳಲ್ಲೇ ಕಿಂಗ್‌ಫಿಷರ್, ಜೆಟ್ ಏರ್‌ವೇಸ್, ಗೋ ಫಸ್ಟ್ ಮೂರೂ ಮುಳುಗಿದವು. ಅವು ಪ್ರಯಾಣಿಕರಿಲ್ಲದೆ ಮುಳುಗಲಿಲ್ಲ. ಟಿಕೆಟ್ ಹಣ ಬಂದ ಕ್ಷಣದಿಂದ ಅದಕ್ಕಾಗಿ ಕಾದಿರುವವರ ದೊಡ್ಡ ಸಾಲೇ ಇರುತ್ತದೆ. ವಿಮಾನವನ್ನು ಗುತ್ತಿಗೆಗೆ ಕೊಟ್ಟ ವಿದೇಶಿ ಕಂಪನಿ, ಎಂಜಿನ್ ಗುತ್ತಿಗೆಗೆ ಕೊಟ್ಟ ಇನ್ನೊಂದು ಕಂಪನಿ, ಇಂಧನ ತುಂಬಿಸುವ ತೈಲ ಕಂಪನಿ, ವಿಮಾನ ನಿಲ್ದಾಣ, ಪೈಲಟ್‌ಗಳು, ಭವಿಷ್ಯ ನಿಧಿ, ತೆರಿಗೆ ಇಲಾಖೆ, ಬ್ಯಾಂಕು. ಇವರೆಲ್ಲರ ಊಟವಾದ ಮೇಲೆ ಕೊನೆಯ ಪಂಕ್ತಿಯಲ್ಲಿ ಕೂರುವವನು ಷೇರುದಾರ. ಆದ್ದರಿಂದ ವಿಮಾನದಲ್ಲಿ ಎಷ್ಟು ಜನ ಕುಳಿತಿದ್ದರು ಎಂದು ಎಣಿಸುವ ಮೊದಲು ಕಂಪನಿ ಯಾರಿಗೆಲ್ಲ ಬಾಕಿ ಉಳಿಸಿಕೊಂಡಿದೆ ಎಂದು ನೋಡಬೇಕು.

ನಮ್ಮ ಬೆಂಗಳೂರಿನದೇ ಉದಾಹರಣೆ ಇದೆ. ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ 2003ರಲ್ಲಿ ಹಾರತೊಡಗಿತು. ಒಂದು ರೂಪಾಯಿ ಟಿಕೆಟ್ಟಿನ ಕಥೆ ನಿಮಗೂ ಗೊತ್ತಿರುತ್ತದೆ. ಅಲ್ಲಿಯವರೆಗೆ ವಿಮಾನ ನಿಲ್ದಾಣದ ಒಳಗೆ ಕಾಲಿಡದ ಸಾವಿರಾರು ಜನ ಆ ಕಂಪನಿಯಿಂದಾಗಿ ಹಾರಿದರು, ಆ ಶ್ರೇಯಸ್ಸನ್ನು ಯಾರೂ ಕಸಿಯಲಾರರು. 2006ರಲ್ಲಿ ಡೆಕ್ಕನ್ ಏವಿಯೇಷನ್ ಸಾರ್ವಜನಿಕರಿಗೆ 148 ರೂಪಾಯಿಯಂತೆ ಷೇರು ಮಾರಿತು. ಮರುವರ್ಷ ಕಿಂಗ್‌ಫಿಷರ್‌ನ ಒಡೆಯ ವಿಜಯ್ ಮಲ್ಯ ಅವರ ಸಮೂಹ ಶೇ 26ರಷ್ಟು ಪಾಲನ್ನು 155 ರೂಪಾಯಿಯಂತೆ ಕೊಂಡಿತು, ಆಮೇಲೆ ಎರಡೂ ಸೇರಿ ಕಿಂಗ್‌ಫಿಷರ್ ಏರ್‌ಲೈನ್ಸ್ ಆಯಿತು. ಅಂದರೆ ಡೆಕ್ಕನ್ ಷೇರು ಕೊಂಡು ಮಾರದೆ ಇಟ್ಟುಕೊಂಡವರು ತಾವು ಆರಿಸಿಕೊಳ್ಳದಿದ್ದರೂ ಕಿಂಗ್‌ಫಿಷರ್‌ನ ಷೇರುದಾರರಾದರು. 2011ರಲ್ಲಿ ಬ್ಯಾಂಕುಗಳು ತಮ್ಮ ಸಾಲದ ಒಂದು ಭಾಗವನ್ನು ಷೇರಾಗಿ ಪರಿವರ್ತಿಸಿಕೊಂಡವು. 2012ರ ಅಕ್ಟೋಬರಿನಲ್ಲಿ ಹಾರಾಟ ನಿಂತಿತು. ಷೇರು ಒಂದೆರಡು ರೂಪಾಯಿಗೆ ಇಳಿದು ಕೊನೆಗೆ ವಹಿವಾಟೂ ನಿಂತುಹೋಯಿತು. ವಿಮಾನಗಳು ತುಂಬಿಯೇ ಹಾರುತ್ತಿದ್ದ ಕಾಲದಲ್ಲೂ ಇಂಧನದ ಬಾಕಿ, ಸಂಬಳದ ಬಾಕಿ, ತೆರಿಗೆಯ ಬಾಕಿ ಬೆಳೆಯುತ್ತಲೇ ಇದ್ದವು. ಪತ್ರಿಕೆಗಳಲ್ಲಿ ಅದು ಗುಟ್ಟೇನೂ ಆಗಿರಲಿಲ್ಲ.

ಈಗ ನಿಮ್ಮ ಸ್ನೇಹಿತರ ವಾದಕ್ಕೆ ಬರುತ್ತೇನೆ. ಮೂವತ್ತೈದು ರೂಪಾಯಿ ಅಗ್ಗ, ಐದು ಸಾವಿರ ದುಬಾರಿ ಎನ್ನುವುದು ಷೇರುಪೇಟೆಯಲ್ಲಿ ಅರ್ಥವಿಲ್ಲದ ಮಾತು. ಕಂಪನಿಯನ್ನು ಎಷ್ಟು ತುಂಡು ಮಾಡಿದ್ದಾರೆ ಎಂಬುದು ಗೊತ್ತಿಲ್ಲದೆ ಒಂದು ತುಂಡಿನ ಬೆಲೆಯಿಂದ ಏನೂ ತಿಳಿಯುವುದಿಲ್ಲ. ಇಂಟರ್‌ಗ್ಲೋಬ್‌ಗೆ ಇರುವುದು ಸುಮಾರು 38.6 ಕೋಟಿ ಷೇರು. ಸ್ಪೈಸ್‌ಜೆಟ್‌ನ ಲೆಕ್ಕ ಇನ್ನೂ ಕುತೂಹಲಕರ. 2023ರ ಮಧ್ಯದಲ್ಲಿ ಅದರ ಷೇರುಗಳು ಸುಮಾರು 60 ಕೋಟಿ ಇದ್ದವು. ಆ ವರ್ಷ ವಿಮಾನ ಗುತ್ತಿಗೆಗೆ ಕೊಟ್ಟಿದ್ದ ಕಾರ್ಲೈಲ್ ಏವಿಯೇಷನ್ ತನಗೆ ಬರಬೇಕಾದ ಬಾಕಿಯ ಒಂದು ಭಾಗಕ್ಕೆ ಬದಲಾಗಿ ಷೇರು ಪಡೆಯಿತು. ನಂತರ ಬೇರೆ ಹೂಡಿಕೆದಾರರಿಗೂ ಹೊಸ ಷೇರು ಕೊಟ್ಟರು. 2024ರ ಸೆಪ್ಟೆಂಬರಿನಲ್ಲಿ ದೊಡ್ಡ ಸಂಸ್ಥೆಗಳಿಗೆ 61.60 ರೂಪಾಯಿಯಂತೆ ಷೇರು ಮಾರಿ 3,000 ಕೋಟಿ ರೂಪಾಯಿ ಎತ್ತಿದರು. ಇದೆಲ್ಲ ಮುಗಿದಾಗ ಷೇರುಗಳ ಸಂಖ್ಯೆ 128 ಕೋಟಿ ಮುಟ್ಟಿತ್ತು.

ಇದರ ಅರ್ಥ ಸರಳ. 2023ರಲ್ಲಿ ಕಂಪನಿಯ ನೂರು ರೂಪಾಯಿ ಲಾಭದಲ್ಲಿ ನಿಮಗೆ ಎಷ್ಟು ಪಾಲು ಬರುತ್ತಿತ್ತೋ ಈಗ ಅದರ ಅರ್ಧವೂ ಬರುವುದಿಲ್ಲ. ನೀವು ಒಂದು ಷೇರನ್ನೂ ಮಾರಿಲ್ಲ, ಆದರೂ ನಿಮ್ಮ ಪಾಲು ಕರಗಿದೆ. ಕಂಪನಿ ಉಳಿದರೂ ಹಳೆಯ ಷೇರುದಾರ ಸೊರಗಬಹುದು ಎಂಬುದನ್ನು ಸಣ್ಣ ಹೂಡಿಕೆದಾರರು ಮರೆಯುವುದು ಇಲ್ಲೇ. 61.60ಕ್ಕೆ ಕೊಂಡ ಸಂಸ್ಥೆಗಳೇ ಒಂದೂವರೆ ವರ್ಷದೊಳಗೆ ಹೂಡಿಕೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕಳೆದುಕೊಂಡು ಕುಳಿತಿದ್ದರೆ, ನಿಮ್ಮ ಸ್ನೇಹಿತರ ಟೆಲಿಗ್ರಾಂ ಗುಂಪಿಗೆ ಅವರಿಗಿಂತ ಹೆಚ್ಚು ಏನು ತಿಳಿದಿರಬಹುದು ಎಂದು ಕೇಳಿ ನೋಡಿ.

ಹಾಗೆಂದು ಸ್ಪೈಸ್‌ಜೆಟ್ ಮೇಲೇಳಲಾರದು ಎಂದು ನಾನು ಹೇಳುವುದಿಲ್ಲ. 2014ರ ಡಿಸೆಂಬರಿನಲ್ಲಿ ಅದು ಮುಚ್ಚುವ ಸ್ಥಿತಿಗೆ ಬಂದಿತ್ತು. 2015ರ ಆರಂಭದಲ್ಲಿ ಅದರ ಸಂಸ್ಥಾಪಕರಲ್ಲೊಬ್ಬರಾದ ಅಜಯ್ ಸಿಂಗ್ ಮತ್ತೆ ಬಂದರು, ಕಚ್ಚಾ ತೈಲದ ಬೆಲೆ ಕುಸಿಯಿತು, ಷೇರು ಮೂರು ವರ್ಷದೊಳಗೆ ಹಲವು ಪಟ್ಟಾಯಿತು. ಇಂದು ಆ ಷೇರಿನ ಬಗ್ಗೆ ಆಸೆ ಹುಟ್ಟಿಸುವವರೆಲ್ಲ ಆ ಕಥೆಯನ್ನೇ ಹೇಳುತ್ತಾರೆ. ಆದರೆ ಆಗ ಅದರ ವಿಮಾನಗಳು ಬಹುಪಾಲು ಹಾರುವ ಸ್ಥಿತಿಯಲ್ಲಿದ್ದವು. 2019ರಲ್ಲಿ ದೇಶೀಯ ಮಾರುಕಟ್ಟೆಯಲ್ಲಿ ಶೇ 15ರ ಆಸುಪಾಸಿನಲ್ಲಿದ್ದ ಅದರ ಪಾಲು 2025ರ ಮಧ್ಯದ ಹೊತ್ತಿಗೆ ಶೇ 3ಕ್ಕೂ ಕೆಳಗಿತ್ತು. ಎತ್ತಿದ ಹಣದ ಗಣನೀಯ ಭಾಗ ಹಳೆಯ ಬಾಕಿ ತೀರಿಸಲು ಹೋದರೆ ನಿಂತ ವಿಮಾನಗಳನ್ನು ಮತ್ತೆ ಹಾರಿಸಲು ಉಳಿಯುವುದು ಕಡಿಮೆ.

ಇನ್ನೊಂದು ಬದಲಾವಣೆಯೂ ಆಗಿದೆ, ಇದರ ಬಗ್ಗೆ ಷೇರು ಚರ್ಚೆಗಳಲ್ಲಿ ಯಾರೂ ಮಾತಾಡುವುದಿಲ್ಲ. ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ತಾನಾಗಿಯೇ ದಿವಾಳಿ ಅರ್ಜಿ ಹಾಕಿತು. ಪ್ರ್ಯಾಟ್ ಆ್ಯಂಡ್ ವಿಟ್ನಿ ಎಂಜಿನ್‌ಗಳ ತೊಂದರೆಯಿಂದ ಅರ್ಧದಷ್ಟು ವಿಮಾನಗಳು ನೆಲಕ್ಕೊರಗಿವೆ ಎಂಬುದು ಅದರ ದೂರು. ಅರ್ಜಿ ಅಂಗೀಕಾರವಾದೊಡನೆ ವಸೂಲಿಗೆ ತಡೆ ಬಿತ್ತು, ಗುತ್ತಿಗೆ ಕೊಟ್ಟವರಿಗೆ ತಮ್ಮದೇ ವಿಮಾನ ಹಿಂಪಡೆಯಲು ಆಗಲಿಲ್ಲ. ವಿದೇಶಿ ಗುತ್ತಿಗೆ ಕಂಪನಿಗಳು ಕೆಂಡಾಮಂಡಲವಾದವು. ಅದೇ ವರ್ಷದ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ವಿಮಾನ ಮತ್ತು ಎಂಜಿನ್‌ಗಳನ್ನು ಆ ತಡೆಯಿಂದ ಹೊರಗಿಟ್ಟಿತು, 2024ರ ಏಪ್ರಿಲಿನಲ್ಲಿ ದೆಹಲಿ ಹೈಕೋರ್ಟ್ ಗೋ ಫಸ್ಟ್‌ನ 54 ವಿಮಾನಗಳ ನೋಂದಣಿ ರದ್ದುಪಡಿಸಲು ಹೇಳಿತು, 2025ರಲ್ಲಿ ಇದಕ್ಕೆಂದೇ ಸಂಸತ್ತು ಕಾಯ್ದೆ ಮಾಡಿತು. ಗುತ್ತಿಗೆಯ ದರ ಇಳಿಯಲು ಇದು ಒಳ್ಳೆಯದೇ. ಆದರೆ ಕುಸಿಯುತ್ತಿರುವ ಕಂಪನಿಯ ಷೇರುದಾರನಿಗೆ ಮೊದಲಿದ್ದ ಸಣ್ಣ ಆಸರೆಯೂ ಹೋಯಿತು. ಇನ್ನು ಮುಂದೆ ಬಾಕಿ ಉಳಿಸಿಕೊಂಡ ಕಂಪನಿಯ ವಿಮಾನಗಳು ಬೇಗ ಹಾರಿಹೋಗುತ್ತವೆ. ಹಿಂದೆ ಉಳಿಯುವುದು ಹೆಸರು, ಕೆಲವು ಕುರ್ಚಿ ಮೇಜು ಮತ್ತು ದಾವೆಗಳು. ಜೆಟ್ ಏರ್‌ವೇಸ್ 2019ರ ಏಪ್ರಿಲಿನಲ್ಲಿ ನಿಂತಿತು, ಸುಪ್ರೀಂ ಕೋರ್ಟ್ ಅದನ್ನು ಸಮಾಪನಗೊಳಿಸಲು ಆದೇಶಿಸಿದ್ದು 2024ರ ನವೆಂಬರಿನಲ್ಲಿ. ಹಾರದ ವಿಮಾನ ಕಂಪನಿಯ ಷೇರನ್ನು ಅಷ್ಟೂ ವರ್ಷ ಜನ ಕೊಳ್ಳುತ್ತಿದ್ದರು. ನನಗೆ ಇಂದಿಗೂ ಅದು ಬಗೆಹರಿಯದ ಸೋಜಿಗ.

ಹಾಗಾದರೆ ಇಂಡಿಗೊ ಕಣ್ಣುಮುಚ್ಚಿ ಕೊಳ್ಳಬಹುದೇ? ಅದೂ ಅಲ್ಲ. 2015ರಲ್ಲಿ 765 ರೂಪಾಯಿಗೆ ಬಂದ ಷೇರು ಇದು. ನಾಲ್ಕೂವರೆ ವರ್ಷದ ನಂತರ, 2020ರ ಮಾರ್ಚ್‌ನ ಕೋವಿಡ್ ಕುಸಿತದಲ್ಲಿ, ಹೆಚ್ಚುಕಡಿಮೆ ಅದೇ ಬೆಲೆಗೆ ಹಿಂದಿರುಗಿತ್ತು. 2020–21ರಲ್ಲಿ 5,806 ಕೋಟಿ, ಮರುವರ್ಷ 6,000 ಕೋಟಿಗೂ ಹೆಚ್ಚು ನಷ್ಟ. ಉಳಿದುಕೊಂಡಿದ್ದು ಕೈಯಲ್ಲಿದ್ದ ನಗದಿನಿಂದ. ಬಾಕಿ ಕೇಳುವವರು ಬಾಗಿಲಿಗೆ ಬರಲಿಲ್ಲ, ಅದೇ ವ್ಯತ್ಯಾಸ. ಆಮೇಲೆ ಗೋ ಫಸ್ಟ್ ಬಿದ್ದು ಸೀಟುಗಳ ಕೊರತೆಯಾಯಿತು, ದರ ಏರಿತು, 2023–24ರಲ್ಲಿ 8,172 ಕೋಟಿ, 2024–25ರಲ್ಲಿ 7,258 ಕೋಟಿ ಲಾಭ ಬಂತು. ಈ ಲಾಭದಲ್ಲಿ ಇಂಡಿಗೊದ ಜಾಣತನ ಎಷ್ಟು, ಪ್ರತಿಸ್ಪರ್ಧಿಗಳ ಪತನದ ಪಾಲು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ. ಒಂದು ಷೇರಿಗೆ ಐದು ಸಾವಿರ ರೂಪಾಯಿ ಕೊಟ್ಟರೆ ಆ ಷೇರಿನ 2024–25ರ ಗಳಿಕೆಯ ಸುಮಾರು 27 ಪಟ್ಟು ಕೊಟ್ಟಂತೆ. ಇಂಥ ಏರಿಳಿತದ ವ್ಯಾಪಾರಕ್ಕೆ ಅದು ಸಣ್ಣ ಬೆಲೆಯಲ್ಲ.

ದೇಶೀಯ ಪ್ರಯಾಣಿಕರಲ್ಲಿ ಶೇ 60ಕ್ಕೂ ಹೆಚ್ಚು ಜನರನ್ನು ಒಬ್ಬನೇ ಹೊತ್ತೊಯ್ದರೆ ದರ ನಿಗದಿಸುವ ಬಲ ಬರುತ್ತದೆ, ಜೊತೆಗೆ ಸರ್ಕಾರದ ಕಣ್ಣೂ ಬೀಳುತ್ತದೆ. 2025ರ ಡಿಸೆಂಬರಿನಲ್ಲಿ ಪೈಲಟ್‌ಗಳ ಕೆಲಸದ ಅವಧಿಯ ಹೊಸ ನಿಯಮಗಳಿಗೆ ಇಂಡಿಗೊ ಸಾಕಷ್ಟು ಸಿದ್ಧವಾಗಿರಲಿಲ್ಲ. ಸಾವಿರಾರು ಹಾರಾಟಗಳು ರದ್ದಾದವು, ಬೆಂಗಳೂರಿನ ನಿಲ್ದಾಣದಲ್ಲೂ ಜನ ಪರದಾಡಿದರು. ಸರ್ಕಾರ ಟಿಕೆಟ್ ದರಕ್ಕೆ ಮಿತಿ ಹಾಕಿತು, 500 ಕಿಲೋಮೀಟರ್ ಒಳಗಿನ ಪ್ರಯಾಣಕ್ಕೆ 7,500 ರೂಪಾಯಿ. ಇಂಡಿಗೊದ ಹಾರಾಟಗಳನ್ನು ಶೇ 10ರಷ್ಟು ಕಡಿತಗೊಳಿಸಲೂ ಹೇಳಿತು. ಆ ವಾರ ಷೇರು ಬಿದ್ದ ಬಗೆಯನ್ನು ನೋಡಿದವರಿಗೆ ಗುಣಮಟ್ಟದ ಕಂಪನಿ ಎಂದರೆ ನಿಶ್ಚಿಂತೆಯ ಷೇರು ಅಲ್ಲ ಎಂದು ತಿಳಿದಿರುತ್ತದೆ.

ಡಾಲರಿನ ವಿಷಯವೂ ಇದೆ. ಟಿಕೆಟ್ ಹಣ ರೂಪಾಯಿಯಲ್ಲಿ ಬರುತ್ತದೆ, ವಿಮಾನದ ಗುತ್ತಿಗೆ ಡಾಲರಿನಲ್ಲಿ ಹೋಗುತ್ತದೆ. ಮುಂದಿನ ವರ್ಷಗಳ ಗುತ್ತಿಗೆಯನ್ನೂ ಇಂದಿನ ಸಾಲವೆಂದೇ ಲೆಕ್ಕಪತ್ರದಲ್ಲಿ ತೋರಿಸಬೇಕು. ರೂಪಾಯಿ ಕುಸಿದರೆ ಅಷ್ಟೂ ಸಾಲ ಒಮ್ಮೆಲೇ ಊದಿಕೊಳ್ಳುತ್ತದೆ. 2025ರ ಜುಲೈ–ಸೆಪ್ಟೆಂಬರ್ ತ್ರೈಮಾಸಿಕದಲ್ಲಿ ಇಂಡಿಗೊ 2,582 ಕೋಟಿ ರೂಪಾಯಿ ನಷ್ಟ ತೋರಿಸಿತು. ಕರೆನ್ಸಿಯ ಹೊಡೆತವನ್ನು ಬದಿಗಿಟ್ಟರೆ ಅದು ಸಣ್ಣ ಲಾಭವೇ ಆಗಿತ್ತು. ಇದು ಕಾಗದದ ನಷ್ಟ, ಲೆಕ್ಕಕ್ಕಿಲ್ಲ ಎಂದು ದಲ್ಲಾಳಿ ಸಂಸ್ಥೆಗಳ ವರದಿಗಳು ಹೇಳುತ್ತವೆ. ನಾನು ಒಪ್ಪುವುದಿಲ್ಲ. ಆ ಡಾಲರುಗಳನ್ನು ವರ್ಷ ವರ್ಷ ಕೊಡಲೇಬೇಕು, ರೂಪಾಯಿ ಹಳೆಯ ಬೆಲೆಗೆ ಮರಳದಿದ್ದರೆ ಕಾಗದದ ನಷ್ಟ ಕೈಯಿಂದ ಹೋಗುವ ನಷ್ಟವೇ ಆಗುತ್ತದೆ. ಇಂಧನದ ಬೆಲೆ, ಅದರ ಮೇಲೆ ರಾಜ್ಯಗಳು ಹಾಕುವ ವ್ಯಾಟ್ ಎಲ್ಲರಿಗೂ ಗೊತ್ತಿರುವ ಮಾತು, ಬೆಳೆಸುವುದಿಲ್ಲ.

ಈಗ ನೀವೇ ಮಾಡಬಹುದಾದ ಕೆಲಸ. ಯಾವುದೇ ವಿಮಾನಯಾನ ಕಂಪನಿಯ ವಾರ್ಷಿಕ ವರದಿ ತೆರೆದು ಅಧ್ಯಕ್ಷರ ಭಾಷಣ, ಬಣ್ಣದ ಚಿತ್ರಗಳನ್ನು ದಾಟಿ ನೇರವಾಗಿ ಲೆಕ್ಕಪರಿಶೋಧಕರ ವರದಿಯ ಅನುಬಂಧಕ್ಕೆ ಹೋಗಿ. ಭವಿಷ್ಯ ನಿಧಿ, ಮೂಲದಲ್ಲಿ ಕಡಿತಗೊಳಿಸಿದ ತೆರಿಗೆ, ಜಿಎಸ್‌ಟಿ ಇವುಗಳಲ್ಲಿ ಆರು ತಿಂಗಳಿಗಿಂತ ಹಳೆಯ ಬಾಕಿ ಇದ್ದರೆ ಅಲ್ಲಿ ಬರೆಯಲೇಬೇಕು. ನೌಕರನ ಸಂಬಳದಿಂದ ಮುರಿದುಕೊಂಡ ಹಣವನ್ನೂ ಕಟ್ಟದ ಕಂಪನಿ ನಿಮಗೆ ಲಾಭಾಂಶ ಕೊಡುತ್ತದೆ ಎಂದು ಕಾಯಬೇಡಿ. ಕಂಪನಿ ಮುಂದುವರಿಯುವ ಸಾಮರ್ಥ್ಯದ ಬಗ್ಗೆ ಪರಿಶೋಧಕರು ಸಂದೇಹ ಸೂಚಿಸಿದ್ದಾರೆಯೇ ನೋಡಿ. ನಗದು ಎಷ್ಟು ಎನ್ನುವಾಗ ಬ್ಯಾಂಕ್ ಖಾತರಿಗೆ ಒತ್ತೆ ಇಟ್ಟದ್ದನ್ನು ಕಳೆದು ಮುಕ್ತವಾಗಿ ಉಳಿದದ್ದನ್ನು ಮಾತ್ರ ಎಣಿಸಿ. ಪ್ರವರ್ತಕರು ತಮ್ಮ ಷೇರನ್ನು ಅಡ ಇಟ್ಟಿದ್ದಾರೆಯೇ ಎಂಬುದು ಷೇರುಪೇಟೆಯ ಜಾಲತಾಣದಲ್ಲಿ ಸಿಗುತ್ತದೆ. ಗುತ್ತಿಗೆ ಕೊಟ್ಟವರು ವಿಮಾನದ ನೋಂದಣಿ ರದ್ದು ಮಾಡಿ ಎಂದು ಸಲ್ಲಿಸುವ ಅರ್ಜಿಗಳನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ನನ್ನ ಮಟ್ಟಿಗೆ ಇಡೀ ಕ್ಷೇತ್ರದಲ್ಲಿ ಇಷ್ಟು ಪ್ರಾಮಾಣಿಕವಾದ ಸೂಚ್ಯಂಕ ಇನ್ನೊಂದಿಲ್ಲ, ಅದೂ ಪುಕ್ಕಟೆ.

ಎರಡು ಲಕ್ಷದ ಬಗ್ಗೆ ಕೇಳಿದಿರಿ. ಮೂರು ವರ್ಷದೊಳಗೆ ಬೇಕಾಗುವ ಹಣವಾದರೆ ಎರಡೂ ಬೇಡ. ಬೇಕಾಗುವುದಿಲ್ಲ ಎಂದಾದರೆ ಇಪ್ಪತ್ತು ಸಾವಿರಕ್ಕಿಂತ ಹೆಚ್ಚು ಈ ಕ್ಷೇತ್ರಕ್ಕೆ ಹಾಕಬೇಡಿ, ಅದನ್ನೂ ಇಂಡಿಗೊದಂಥ, ಬಾಕಿ ತೀರಿಸುತ್ತಾ ಬಂದ ಕಂಪನಿಗೆ, ಎಲ್ಲರೂ ಅದನ್ನು ಬಯ್ಯುತ್ತಿರುವ ತಿಂಗಳುಗಳಲ್ಲಿ, ಎರಡು ಮೂರು ಕಂತಿನಲ್ಲಿ ಹಾಕಿ. ಸ್ಪೈಸ್‌ಜೆಟ್ ಬಗ್ಗೆ ಆಸೆ ಬಿಡಲಾಗದಿದ್ದರೆ ಅದರ ಹಾರುವ ವಿಮಾನಗಳ ಸಂಖ್ಯೆ ಸತತ ನಾಲ್ಕು ತ್ರೈಮಾಸಿಕ ಏರುವವರೆಗೆ, ಆ ಅವಧಿಯಲ್ಲಿ ಷೇರುಗಳ ಸಂಖ್ಯೆ ಏರದೆ ನಿಲ್ಲುವವರೆಗೆ ಕಾಯಿರಿ. ಅಷ್ಟರಲ್ಲಿ ಬೆಲೆ ಒಂದೂವರೆ ಪಟ್ಟಾಗಿದ್ದರೂ ಚಿಂತೆಯಿಲ್ಲ. ವಿಮಾನಯಾನದ ಬದಲು ನಿಲ್ದಾಣದ ಷೇರು ಕೊಂಡರೆ ಹೇಗೆ ಎಂದೂ ಕೊನೆಯಲ್ಲಿ ಕೇಳಿದ್ದೀರಿ. ಬೆಂಗಳೂರು ನಿಲ್ದಾಣದ ಕಂಪನಿ ಷೇರುಪೇಟೆಯಲ್ಲಿ ಪಟ್ಟಿಯಾಗಿಲ್ಲ. ಜಿಎಂಆರ್ ಏರ್‌ಪೋರ್ಟ್ಸ್ ಇದೆ, ಆದರೆ ಅದರ ಸಾಲದ ಲೆಕ್ಕ ಬೇರೆಯದೇ ಪುರಾಣ, ಅದಕ್ಕೆ ಪ್ರತ್ಯೇಕ ಪ್ರಶ್ನೆ ಹಾಕಿ.