ಗುಡ್ಡ ಕಾಣಲು ಎಷ್ಟು ದೊಡ್ಡ ಕಿಟಕಿ ಬೇಕು?

ಪ್ರಶ್ನೆ: ನಗರ (ಬಿದನೂರು) ಎಂಬ ಊರಿನ ಸಮೀಪ, ನಮ್ಮ ಅಡಿಕೆ ತೋಟದ ಮೇಲಿನ ದಿಬ್ಬದಲ್ಲಿ ಮನೆ ಕಟ್ಟಿಸಲು ಹೊರಟಿದ್ದೇವೆ. ಪಡುವಣಕ್ಕೆ ಕೊಡಚಾದ್ರಿ ಕಾಣುತ್ತದೆ. ಪಡಸಾಲೆಯ ಪಶ್ಚಿಮ ಗೋಡೆಯನ್ನು ಪೂರ್ತಿ, 10 ಅಡಿ ಎತ್ತರಕ್ಕೂ, ಗಾಜಿನದೇ ಮಾಡಿ, ಅಡ್ಡವಾಗಿರುವ ಹಲಸಿನ ಮರವನ್ನು ಕಡಿಸಿಬಿಡಿ ಎಂಬ ಸಲಹೆ ಬಂದಿದೆ. ಮನೆಯ ಹಿರಿಯರಿಗೆ ಇದು ಒಪ್ಪಿಗೆಯಿಲ್ಲ. ತಮ್ಮ ಅಭಿಪ್ರಾಯವೇನು?
– ಓದುಗರು, ಹೊಸನಗರ ತಾಲ್ಲೂಕು

ಉತ್ತರ: ಹಿರಿಯರ ಮಾತೇ ನಡೆಯಲಿ. ಕೊಡಚಾದ್ರಿಯ ಎತ್ತರ 1,343 ಮೀಟರ್. ನಿಮ್ಮ ದಿಬ್ಬ ಅದಕ್ಕಿಂತ ಸುಮಾರು 700 ಮೀಟರ್ ತಗ್ಗಿನಲ್ಲಿ, 15 ಕಿಲೋಮೀಟರ್ ದೂರದಲ್ಲಿದೆ ಎಂದು ಲೆಕ್ಕಕ್ಕೆ ಇಟ್ಟುಕೊಂಡರೆ, ಅದರ ತುದಿ ನಿಮ್ಮ ಕಣ್ಣಿನ ಮಟ್ಟದಿಂದ 3 ಡಿಗ್ರಿಯಷ್ಟೂ ಮೇಲೇಳುವುದಿಲ್ಲ; ತೋಳು ಚಾಚಿ ಎರಡು ಬೆರಳನ್ನು ಅಡ್ಡ ಹಿಡಿದರೆ ಬೆಟ್ಟ ಮರೆಯಾಗುತ್ತದೆ. ಅಂದ ಮೇಲೆ 10 ಅಡಿಯ ಗಾಜಿನಲ್ಲಿ ನಿಮಗೆ ಹೆಚ್ಚಾಗಿ ಕಾಣುವುದು ಬೆಳ್ಳಗಿನ ಆಕಾಶವೇ. ಆ ಪ್ರಖರತೆಗೆ ಕಣ್ಣು ಕಿರಿದಾಗಿ ಬೆಟ್ಟ ಇನ್ನಷ್ಟು ಮಸುಕಾಗುತ್ತದೆ.

ಸೂರಂಚನ್ನು ನೆಲದಿಂದ 7 ಅಡಿಗೆ ಇಳಿಸಿ, ಗೋಡೆಯಿಂದ 5 ಅಡಿ ಮುಂದಕ್ಕೆ ಚಾಚಿದರೂ, 6 ಅಡಿ ಒಳಗೆ ಕುರ್ಚಿ ಹಾಕಿ ಕೂತವರಿಗೆ ಬೆಟ್ಟ ಪೂರ್ತಿ ಸಿಗುತ್ತದೆ. ಬೇಡದ ಆಕಾಶ ಮಾತ್ರ ಕತ್ತರಿಸಿಹೋಗುತ್ತದೆ. ಆಗುಂಬೆಯೊಂದಿಗೆ ಪೈಪೋಟಿಗಿಳಿದಂತೆ ಮಳೆ ಸುರಿಯುವ ಹುಲಿಕಲ್ ನಿಮಗೆ ದೂರವಿಲ್ಲ. ಗಾಳಿ ಮಳೆಯನ್ನು ತಳ್ಳಿಕೊಂಡು ಬರುವುದೂ ಪಡುವಣದಿಂದಲೇ. ನಮ್ಮ ಹಿಂದಿನವರು ಆ ಮಗ್ಗುಲಿಗೆ ಸೋಗೆಯ ತಟ್ಟಿ ಕಟ್ಟುತ್ತಿದ್ದುದು ಸುಮ್ಮನೆಯಲ್ಲ. ಚಾಚಿದ ಸೂರು ಎರಚಲನ್ನೂ ಬಹುಮಟ್ಟಿಗೆ ತಡೆಯುತ್ತದೆ.

ಕಿಟಕಿಯ ಕೆಳಅಂಚು ನೆಲದಿಂದ ಒಂದೂವರೆ ಅಡಿಯಲ್ಲಿರಲಿ. ಕುರ್ಚಿಯಲ್ಲಿ ಕೂತವರ ಕಣ್ಣು ಸುಮಾರು 4 ಅಡಿಗೆ, ನಿಂತವರದು 5 ಅಡಿಗೆ ಬರುವುದರಿಂದ, ಆ ಎತ್ತರಗಳಲ್ಲಿ ಚೌಕಟ್ಟಿನ ಅಡ್ಡಪಟ್ಟಿ ಬರಕೂಡದು. ಇದನ್ನು ಒತ್ತಿ ಹೇಳಲು ಕಾರಣವಿದೆ. ತೀರ್ಥಹಳ್ಳಿ ಕಡೆಯ ಮನೆಯೊಂದಕ್ಕೆ ನಾನೇ ಬರೆದುಕೊಟ್ಟ ನಕ್ಷೆಯಲ್ಲಿ ಪಟ್ಟಿ ಸರಿಯಾಗಿ 4 ಅಡಿಗೆ ಬಿದ್ದಿತ್ತು. ಆ ಮನೆಯ ಅಜ್ಜಿ ತುಂಗೆಯನ್ನು ನೋಡಲು ಪ್ರತಿ ಸಲವೂ ಕುತ್ತಿಗೆ ತಗ್ಗಿಸಬೇಕಾಗಿದ್ದನ್ನು ಕಂಡು, ಚೌಕಟ್ಟನ್ನೇ ಬಿಚ್ಚಿಸಿ ಬೇರೆ ಕೂರಿಸಿದೆವು.

ಹಲಸಿನ ಮರವನ್ನು ದಯವಿಟ್ಟು ಕಡಿಸಬೇಡಿ. ಜಪಾನಿನ ಕ್ಯೋಟೋದಲ್ಲಿ ಎಂತ್ಸೂಜಿ ಎಂಬ ದೇವಾಲಯವಿದ್ದು, ಅದರ ಜಗಲಿಯಿಂದ ನೋಡಿದರೆ ದೂರದ ಹಿಯೇ ಪರ್ವತವು ಹತ್ತಿರದ ಮರಗಳ ನೆಟ್ಟನೆಯ ಕಾಂಡಗಳ ನಡುವೆ ಕಾಣುತ್ತದೆ. ಹೀಗೆ ಹೊರಗಿನ ಬೆಟ್ಟವನ್ನು ಅಂಗಳಕ್ಕೆ ಎರವಲು ತರುವ ಕ್ರಮವನ್ನು ಅಲ್ಲಿಯವರು ಶಕ್ಕೇ ಎನ್ನುತ್ತಾರೆ. ಹತ್ತಿರದ ಕಾಂಡವೊಂದು ಕಣ್ಣಿಗೆ ಆಧಾರವಾದಾಗಲೇ ದೂರದ ಬೆಟ್ಟದ ದೂರ ತಿಳಿಯುವುದು. ಕೆಳಗಿನ ಕೊಂಬೆಗಳನ್ನಷ್ಟೇ ಸವರಿಸಿ. ಹೇಗೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಜು ಬೆಟ್ಟವನ್ನು ನುಂಗಿಕೊಂಡಿರುವಾಗ ನಿಮ್ಮ ಕಿಟಕಿಯಲ್ಲಿ ಉಳಿಯುವುದು ಆ ಒದ್ದೆ ಕಾಂಡ, ಅದರ ಹಾವಸೆ, ಸೂರಿನಿಂದ ಇಳಿಯುವ ನೀರಿನ ಎಳೆಗಳೇ.

ಇನ್ನೊಂದು ಮಾತು. ಹೆಬ್ಬಾಗಿಲು ದಾಟಿದೊಡನೆ ಬೆಟ್ಟ ಎದುರಾಗದಿರಲಿ. ಹಳೆಯ ತೊಟ್ಟಿಮನೆಗಳಲ್ಲಿ ಜಗಲಿ ದಾಟಿ, ನಸುಗತ್ತಲೆಯ ನಡುಮನೆ ಹಾಯ್ದ ಮೇಲೆ, ಹಿತ್ತಿಲ ಬಾಗಿಲಲ್ಲಿ ಹಸಿರು ತೋಟ ಥಟ್ಟನೆ ಬೆಳಗುವುದನ್ನು ನೀವು ಕಂಡಿರಬಹುದು. ಹಾಗೆಯೇ ನಿಮ್ಮ ಕೊಡಚಾದ್ರಿಯೂ ಒಂದು ತಿರುವಿನ ಆಚೆ, ಕೂರುವ ಜಾಗದಲ್ಲಿ ಸಿಗಲಿ. ಪಾಯ ತೆಗೆಯುವ ಮೊದಲು ಬಿದಿರು ನೆಟ್ಟು, ಕಿಟಕಿಯ ಅಳತೆಗೆ ಹಗ್ಗ ಕಟ್ಟಿ, ಪಂಚಾಂಗದ, ಅಂದರೆ ಮನೆಯ ನೆಲಗಟ್ಟಿನ, ಎತ್ತರಕ್ಕೆ ಹಲಗೆಯಿಟ್ಟು ಅದರ ಮೇಲೆ ಹಿರಿಯರನ್ನು ಕೂರಿಸಿ ನೋಡಿ.

ಪ್ರಶ್ನೆ: ಶಿವಮೊಗ್ಗದಲ್ಲಿ ನಮ್ಮದು 30×40 ಅಡಿ ನಿವೇಶನ, ಮೂರೂ ಕಡೆ ಮನೆಗಳು. ನೋಡಲು ಏನೂ ಇಲ್ಲ.
– ಓದುಗರು, ಶಿವಮೊಗ್ಗ

ಉತ್ತರ: ಪಕ್ಕದ ಮನೆಯ ತೆಂಗಿನ ತಲೆ ಇರಬಹುದು; ಅದಷ್ಟೇ ಕಾಣುವಂತೆ ಗೋಡೆಯ ಮೇಲ್ಭಾಗದಲ್ಲಿ ಒಂದು ಕಿಟಕಿ ಇಡಿ. ಊಟದ ಜಾಗದಲ್ಲಿ ನೆಲಕ್ಕೆ ಹೊಂದಿದ ಎರಡಡಿ ಎತ್ತರದ ಕಿಟಕಿಯಿಟ್ಟು, ಅದರಾಚೆ ಗಾರೆ ಬಳಿಯದ ಜಂಬಿಟ್ಟಿಗೆಯ ಕಾಂಪೌಂಡನ್ನು ಹಾಗೆಯೇ ಬಿಡಿ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಮೇಲೆ ಹಾವಸೆಯೂ ಜರಿಗಿಡವೂ ತಾವಾಗಿ ಬರುತ್ತವೆ.